ಮುತ್ಯಾನ ಕತ್ತಿ, ಕಾಕಾನ ಕೈ

ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಯೊಂದರ ಮನೆಯಲ್ಲಿ ಹಳೆಯ ತಗಡಿನ ಪೆಟ್ಟಿಗೆಯನ್ನು ಖಾಲಿ ಮಾಡುವಾಗ, ಅದರ ತಳದಲ್ಲಿ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ಕ್ಷೌರಕತ್ತಿಯೊಂದು ಸಿಕ್ಕಿತು. ಕಪ್ಪು ಹಿಡಿ, ಮಡಚಿದರೆ ಆ ಹಿಡಿಯೊಳಗೇ ಅಡಗುವ ಅಲಗು, ಅಲಗಿನ ಬುಡದಲ್ಲಿ ಸವೆದ ಅಕ್ಷರಗಳಲ್ಲಿ ‘ಸೋಲಿಂಗೆನ್’ ಎಂಬ ಊರಿನ ಹೆಸರು. ಮನೆಯ ಮುತ್ಯಾ ತೀರಿಕೊಂಡು ಹನ್ನೆರಡು ವರ್ಷಗಳಾಗಿದ್ದವು. ಬದುಕಿರುವವರೆಗೆ ಅವರು ದಿನ ಬಿಟ್ಟು ದಿನ, ಪಡಸಾಲೆಯ ಕಂಬಕ್ಕೆ ಕನ್ನಡಿ ತೂಗುಹಾಕಿ, ಇದೇ ಕತ್ತಿಯಿಂದ ತಮ್ಮ ಗಡ್ಡವನ್ನು ತಾವೇ ತೆಗೆದುಕೊಳ್ಳುತ್ತಿದ್ದರು.

ಊರಿನ ಕನ್ನಡ ಶಾಲೆಯಲ್ಲಿ ಕಲಿತು ಈಗ ಸೊಲ್ಲಾಪುರದ ಕಾಲೇಜಿಗೆ ಹೋಗುವ ಮೊಮ್ಮಗನಿಗೆ ಅದನ್ನು ತಾನೂ ಹಿಡಿದು ನೋಡಬೇಕೆನಿಸಿತು. ಭಾನುವಾರ ಬೆಳಿಗ್ಗೆ ಮುಖಕ್ಕೆ ನೊರೆ ಹಚ್ಚಿಕೊಂಡ. ಕತ್ತಿಯನ್ನು ಕೆನ್ನೆಗೆ ಆನಿಸಿ ಕೆಳಗೆಳೆದ. ಕೂದಲು ಕತ್ತರಿಸಲಿಲ್ಲ, ಕಿತ್ತುಬಂದಂತೆ ಉರಿಯಿತು. ಇನ್ನಷ್ಟು ಒತ್ತಿದ. ನೊರೆಯ ಮೇಲೆ ಕೆಂಪು ಗೆರೆಯೊಂದು ಮೂಡಿತು. ಅದರ ಪಕ್ಕದಲ್ಲಿ ಇನ್ನೆರಡು. ಅವ್ವ ಓಡಿಬಂದು ತುರಟಿಯ ಹರಳನ್ನು ನೀರಿಗೆ ಅದ್ದಿ ಗಾಯಕ್ಕೆ ಉಜ್ಜಿದಳು. ಆಮೇಲೆ ಹೇಳಿದಳು: “ನಿಮ್ಮ ಮುತ್ಯಾಗ ಈ ಕತ್ತಿ ಹಿಡಿಯಾಕ ಕಲಿಸಿದವರು ಇನ್ನೂ ಅದಾರ. ಹೋಗಿ ಅವರನ್ನ ಕೇಳು.”

ಹಾಗೆ ಆ ಯುವಕ ಊರ ಬಸ್‌ ನಿಲ್ದಾಣದ ಹಿಂದಿನ ಸಣ್ಣ ಅಂಗಡಿಗೆ ಹೋದ. ಎಪ್ಪತ್ತು ದಾಟಿದ ಕ್ಷೌರಿಕರು ಕತ್ತಿಯನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರು. ಅದರ ಗುರುತು ಅವರಿಗೆ ತಕ್ಷಣ ಸಿಕ್ಕಿತು. “ನಲವತ್ತು ವರ್ಷ ಇದಕ್ಕ ಸಾಣಿ ಹಿಡದೀನಿ” ಎಂದರು. ಬಳಿಕ ಅವನ ಕೆನ್ನೆಯ ಗಾಯಗಳನ್ನು ನೋಡಿ, “ಒತ್ತಿದಿ ಏನಪಾ?” ಎಂದು ಕೇಳಿದರು.

ಉಕ್ಕಿನ ದಾರಿ

ಆ ಅಲಗಿನ ಮೇಲಿದ್ದ ಹೆಸರು ಸಾಮಾನ್ಯ ಊರಿನದಲ್ಲ. ಕ್ಷೌರಕತ್ತಿಯ ಇತಿಹಾಸದಲ್ಲಿ ಎರಡು ಪಟ್ಟಣಗಳು ಮುಖ್ಯವಾದವು: ಇಂಗ್ಲೆಂಡಿನ ಶೆಫೀಲ್ಡ್ ಮತ್ತು ಜರ್ಮನಿಯ ಸೋಲಿಂಗೆನ್. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದ ಕುಶಲಕರ್ಮಿ ಮಣ್ಣಿನ ಮೂಸೆಯಲ್ಲಿ ಉಕ್ಕನ್ನು ಕರಗಿಸಿ ಎರಕ ಹೊಯ್ಯುವ ವಿಧಾನವನ್ನು ಶೆಫೀಲ್ಡಿನ ಬಳಿ ರೂಢಿಗೆ ತಂದ. ಉಕ್ಕು ಒಂದೇ ಹದದ್ದಾಗಿ ದೊರೆತ ಮೇಲೆ ಅಲಗಿನ ಎರಡೂ ಬದಿಯನ್ನು ಒಳಗೆ ತಗ್ಗಾಗುವಂತೆ ಅರೆದು, ಅಂಚನ್ನು ಬಹಳ ತೆಳುವಾಗಿಸುವುದು ಸಾಧ್ಯವಾಯಿತು. ಸೋಲಿಂಗೆನ್ ಪಟ್ಟಣವಂತೂ ತನ್ನ ಹೆಸರನ್ನೇ ಕಾನೂನಿನಿಂದ ಕಾಪಾಡಿಕೊಂಡಿತು. ಆ ಪ್ರದೇಶದಲ್ಲಿ ತಯಾರಾಗದ ಅಲಗಿಗೆ ಆ ಹೆಸರನ್ನು ಹಾಕಬಾರದೆಂಬ ಜರ್ಮನಿಯ ಕಾಯಿದೆ 1938ರದು.

ಮನೆಮನೆಯ ಕನ್ನಡಿಯ ಮುಂದಿನಿಂದ ಈ ಕತ್ತಿಯನ್ನು ಸರಿಸಿದವನು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್. ಸಾಣೆ ಹಿಡಿಯುವ ಗೋಜಿಲ್ಲದ, ಮೊಂಡಾದರೆ ಎಸೆದುಬಿಡುವ ತೆಳು ಬ್ಲೇಡು ಅವನ ಕಲ್ಪನೆ. ಮಾರಾಟಕ್ಕಿಟ್ಟ ಮೊದಲ ವರ್ಷವಾದ 1903ರಲ್ಲಿ ಬಿಕರಿಯಾದದ್ದು ಕೇವಲ 51 ರೇಜರು, 168 ಬ್ಲೇಡು. ಮರುವರ್ಷ ಅದೇ ರೇಜರುಗಳ ಸಂಖ್ಯೆ 90,000 ದಾಟಿತು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಸುಮಾರು 35 ಲಕ್ಷ ರೇಜರುಗಳನ್ನು ಹಂಚಲಾಯಿತು. ಯುದ್ಧ ಮುಗಿಸಿ ಮನೆಗೆ ಮರಳಿದವರು ಆ ಅಭ್ಯಾಸವನ್ನೂ ಜೊತೆಗೆ ತಂದರು.

ಹೆಸರುಗಳ ದಾರಿಯೂ ಹೀಗೆಯೇ ದೂರದ್ದು. ಸಂಸ್ಕೃತದ ‘ಕ್ಷುರ’ವೇ ನಮ್ಮ ಕ್ಷೌರದ ಮೂಲ, ದಾಟಲು ಕಠಿಣವಾದ ದಾರಿಯನ್ನು ಹೇಳುವಾಗ ಕಠೋಪನಿಷತ್ತು ಹೋಲಿಕೆಗೆ ಆರಿಸಿಕೊಂಡದ್ದು ಇದೇ ಕ್ಷುರದ ಧಾರೆಯನ್ನು. ಅಕ್ಕಲಕೋಟೆ, ಜತ್ತಿನ ಸಂತೆಯಲ್ಲಿ ಮರಾಠಿಯ ‘ವಸ್ತರಾ’ ಎಂದರೆ ಬೇಗ ತಿಳಿಯುತ್ತದೆ. ತಾಳವಾಡಿಯ ಕನ್ನಡಿಗನ ಕಿವಿಗೆ ತಮಿಳಿನ ‘ಸವರಕತ್ತಿ’ ಹೊಸದಲ್ಲ, ಮಡಕಶಿರಾದವನಿಗೆ ತೆಲುಗಿನ ‘ಮಂಗಲಿ ಕತ್ತಿ’ ಹೊಸದಲ್ಲ. ಗಡಿಯ ಮನೆಗಳಲ್ಲಿ ಒಂದೇ ವಸ್ತುವಿಗೆ ಎರಡು ಹೆಸರಿರುವುದು ವಾಡಿಕೆ.

ಬಲೂನಿನ ಪಾಠ

ಕಾಕಾ ಮೊದಲ ದಿನ ಯುವಕನ ಮುಖದ ಹತ್ತಿರಕ್ಕೂ ಕತ್ತಿಯನ್ನು ತರಗೊಡಲಿಲ್ಲ. ಮೊದಲು ಸಾಣೆ. ನೀರು ಹನಿಸಿದ ನುಣುಪಾದ ಕಲ್ಲಿನ ಮೇಲೆ ಅಲಗನ್ನು ಅಡ್ಡ ಮಲಗಿಸಿದರು. ಅದರ ಬೆನ್ನೂ ಅಂಚೂ ಏಕಕಾಲಕ್ಕೆ ಕಲ್ಲಿಗೆ ತಾಗಿದ್ದವು. ಕ್ಷೌರಕತ್ತಿಯ ಬೆನ್ನು ದಪ್ಪವಾಗಿರುವುದು ಭಾರಕ್ಕಾಗಿ ಮಾತ್ರವಲ್ಲ; ಎಷ್ಟು ಓರೆಯಾಗಿ ಹಿಡಿಯಬೇಕೆಂಬ ಅಳತೆ ಆ ಬೆನ್ನಿನಲ್ಲಿಯೇ ಅಡಗಿದೆ. ಕಲ್ಲಿನ ಮೇಲೆ ಅಂಚು ಮುಂದಾಗಿ ಚಲಿಸಬೇಕು.

ಆಮೇಲೆ ಗೋಡೆಯ ಮೊಳೆಗೆ ತೂಗಿದ ಚರ್ಮದ ಪಟ್ಟಿ. ಇಲ್ಲಿ ನಡೆ ತಿರುವುಮುರುವು: ಬೆನ್ನು ಮುಂದೆ, ಅಂಚು ಹಿಂದೆ. ಪಟ್ಟಿಯ ತುದಿ ತಲುಪಿದೊಡನೆ ಕತ್ತಿಯನ್ನು ಬೆನ್ನಿನ ಮೇಲೆ ಹೊರಳಿಸಿ ಹಿಂದಕ್ಕೆ ತರಬೇಕು. ಅಂಚಿನ ಮೇಲೆ ಹೊರಳಿಸಿದರೆ ಪಟ್ಟಿಯೂ ಹರಿಯುತ್ತದೆ, ಅಂಚೂ ಹಾಳಾಗುತ್ತದೆ. ಕಲ್ಲು ಅಂಚನ್ನು ಹುಟ್ಟಿಸುತ್ತದೆ. ಬಳಕೆಯಲ್ಲಿ ಅತ್ತಿತ್ತ ಬಾಗಿದ ಅಂಚನ್ನು ಚರ್ಮ ಮತ್ತೆ ನೇರಕ್ಕೆ ತರುತ್ತದೆ. ಕಲ್ಲಿನ ಕೆಲಸ ತಿಂಗಳುಗಳಿಗೊಮ್ಮೆ ಬಂದರೆ ಸಾಕು, ಚರ್ಮದ ಕೆಲಸ ಪ್ರತಿಸಲವೂ ಆಗಬೇಕು. ಹನ್ನೆರಡು ವರ್ಷ ಪೆಟ್ಟಿಗೆಯಲ್ಲಿದ್ದ ಕತ್ತಿ ಇವೆರಡನ್ನೂ ಕಂಡಿರಲಿಲ್ಲ. ಹೊಳೆಯುತ್ತಿತ್ತು, ಆದರೆ ಹರಿತವಾಗಿರಲಿಲ್ಲ.

ಉಕ್ಕು ಮೃದುವಾದ ಕೂದಲಿಗೆ ಸೋಲುವುದೇಕೆ? ಈ ಪ್ರಶ್ನೆಯನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿ, ಉತ್ತರವನ್ನು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲಗಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಡುಸು. ಆದರೂ ಕೂದಲು ಬಾಗಿ ಅಂಚಿಗೆ ಓರೆಯಾಗಿ ತಾಗಿದಾಗ, ಉಕ್ಕಿನ ಒಳರಚನೆ ಎಲ್ಲೆಡೆ ಒಂದೇ ಸಮನಾಗಿಲ್ಲದ ಕಡೆ, ಅಂಚಿನಿಂದ ಸಣ್ಣ ಚೂರುಗಳು ಹಾರಿಹೋಗುತ್ತವೆ. ಅಂಚು ಸವೆದು ಮೊಂಡಾಗುವುದಕ್ಕಿಂತ ಹೀಗೆ ಚಕ್ಕೆಯೇಳುವುದೇ ಹೆಚ್ಚು. ಗಡ್ಡವನ್ನು ಬಿಸಿನೀರಿನಲ್ಲಿ ಚೆನ್ನಾಗಿ ನೆನೆಸಬೇಕೆಂದು ಕ್ಷೌರಿಕರು ತಲೆಮಾರುಗಳಿಂದ ಹೇಳುತ್ತ ಬಂದದ್ದೂ ಸುಮ್ಮನೆ ಅಲ್ಲ. ನೀರು ಹೀರಿದ ಕೂದಲು ಮೆತ್ತಗಾಗುತ್ತದೆ. ಚರ್ಮಕ್ಕೂ ಅಲಗಿಗೂ ಶ್ರಮ ಕಡಿಮೆ.

ಕತ್ತಿ ಹದವಾದ ಮೇಲೆ ಕಾಕಾ ತಮ್ಮ ಮೊಮ್ಮಗಳನ್ನು ಕರೆದು ಬಲೂನೊಂದನ್ನು ಊದಿಸಿದರು. ಅವಳು ಅದೇ ಊರಿನ ಕನ್ನಡ ಶಾಲೆಯ ಏಳನೆಯ ತರಗತಿಯವಳು. ಬಲೂನಿಗೆ ನೊರೆ ಹಚ್ಚಿ, “ಇದನ್ನ ಬೋಳಿಸು, ಒಡೀಬಾರದು” ಎಂದರು. ಮೊದಲನೆಯ ಬಲೂನು ತಕ್ಷಣ ಒಡೆಯಿತು. ಯುವಕನ ಅಂಗಿಯ ತುಂಬ ನೊರೆ. ಎರಡನೆಯದೂ ಒಡೆಯಿತು; ಹುಡುಗಿ ಬಾಯಿಗೆ ಕೈ ಅಡ್ಡವಿಟ್ಟು ನಕ್ಕಳು. ಮೂರನೆಯದರಲ್ಲಿ ಅವನಿಗೆ ಮರ್ಮ ಹೊಳೆಯಿತು. ಕತ್ತಿಯನ್ನು ತಳ್ಳಬಾರದು, ಅದು ತನ್ನ ತೂಕದಿಂದಲೇ ಜಾರಬೇಕು. ಅಂಚಿನ ಗೆರೆಗೆ ಅಡ್ಡಲಾಗಿ ಎಳೆಯಬೇಕೇ ಹೊರತು, ಅಂಚಿನ ಉದ್ದಕ್ಕೆ ಎಂದೂ ಸರಿಸಬಾರದು. ಹಾಗೆ ಸರಿಸಿದರೆ ಬದನೆಕಾಯಿ ಹೆಚ್ಚಿದಂತೆ ಚರ್ಮವೂ ಸೀಳುತ್ತದೆ.

ಇದರ ಹಿಂದಿನ ಲೆಕ್ಕ ಶಾಲೆಯ ವಿಜ್ಞಾನ ಪುಸ್ತಕದಲ್ಲಿಯೇ ಇದೆ: ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ಚೆನ್ನಾಗಿ ಹದಗೊಂಡ ಅಂಚಿನ ಅಗಲ ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ, ಕಿರಿದು. ವಿಸ್ತೀರ್ಣ ಇಷ್ಟು ಸಣ್ಣದಾದಾಗ ಕೈ ಹಾಕಬೇಕಾದ ಬಲ ಬಹಳ ಕಡಿಮೆ. ಹೆಚ್ಚು ಬಲ ಹಾಕಿದರೆ ಮೊದಲು ತುತ್ತಾಗುವುದು ಚರ್ಮ.

ಎರಡನೆಯ ಭಾನುವಾರ ಕೆನ್ನೆಯ ಸರದಿ. ಬಿಸಿನೀರಿನ ಬಟ್ಟೆ, ದಟ್ಟ ನೊರೆ, ಎಡಗೈಯಿಂದ ಚರ್ಮವನ್ನು ಬಿಗಿಯಾಗಿ ಮೇಲಕ್ಕೆಳೆದು ಹಿಡಿಯುವುದು, ಕತ್ತಿಯನ್ನು ಸುಮಾರು 30 ಡಿಗ್ರಿ ಓರೆಯಾಗಿಡುವುದು, ಕೂದಲು ಬೆಳೆದ ದಿಕ್ಕಿನಲ್ಲಿಯೇ ಸಣ್ಣ ಸಣ್ಣ ಎಳೆತ. ಓರೆ ಕಡಿಮೆಯಾದರೆ ಕೂದಲು ಜಗ್ಗುತ್ತದೆ. ಹೆಚ್ಚಾದರೆ ಚರ್ಮ ಕೆರೆಯುತ್ತದೆ. ಸದ್ದಿನಿಂದಲೇ ಅದು ತಿಳಿಯುತ್ತದೆಂದು ಕಾಕಾ ಹೇಳಿದರು. ಒಣ ಎಲೆಯ ಮೇಲೆ ಮಳೆಹನಿ ಬಿದ್ದಂಥ ಸಣ್ಣ ಚರಚರ ಸದ್ದು ಬಂದರೆ ಕೈ ಸರಿಯಾಗಿದೆ. ಎಡಕೆನ್ನೆ ಮುಗಿಯಲು ಇಪ್ಪತ್ತು ನಿಮಿಷ ಬೇಕಾಯಿತು. ಗಾಯ ಒಂದೂ ಆಗಲಿಲ್ಲ. ಗದ್ದ, ಮೇಲ್ದುಟಿ, ಗಂಟಲಮಣಿಯ ಸುತ್ತಮುತ್ತ ಎಲ್ಲ ಉಬ್ಬುತಗ್ಗಿನ ಜಾಗ. ಅವನ್ನು ಹೊಸಬರು ಮುಟ್ಟಬಾರದು. ಅವಷ್ಟನ್ನೂ ಕಾಕಾ ಎರಡೇ ನಿಮಿಷದಲ್ಲಿ ಮುಗಿಸಿದರು.

ಅವರು ಒಂದು ಎಚ್ಚರಿಕೆಯನ್ನೂ ಕೊಟ್ಟರು. ಇಂಥ ಕತ್ತಿ ಒಬ್ಬನಿಗೆ ಮಾತ್ರ, ಅಣ್ಣತಮ್ಮಂದಿರೂ ಹಂಚಿಕೊಳ್ಳಬಾರದು. ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ರೋಗಾಣುಗಳು ಹರಡಬಲ್ಲವು. ಎಚ್‌ಐವಿಯ ಭಯವೂ ಇದೆ. ಅದಕ್ಕಾಗಿಯೇ ಅಂಗಡಿಗಳಲ್ಲಿ ಈಗ ಬ್ಲೇಡನ್ನು ಎರಡು ತುಂಡು ಮಾಡಿ, ಪ್ರತಿ ಗಿರಾಕಿಗೂ ಹೊಸ ತುಂಡನ್ನು ಹಿಡಿಗೆ ಸಿಕ್ಕಿಸುತ್ತಾರೆ. ಗಿರಾಕಿಯ ಕಣ್ಣೆದುರೇ ಹೊಸ ಬ್ಲೇಡು ಬಿಚ್ಚಬೇಕು. ಬಿಚ್ಚದಿದ್ದರೆ ಕೇಳುವುದು ಗಿರಾಕಿಯ ಹಕ್ಕು. ಮನೆಯಲ್ಲಿ ಮಕ್ಕಳಿದ್ದರೆ ಕತ್ತಿ ಬೀಗದೊಳಗಿರಬೇಕು. ಕೆಲಸ ಮುಗಿದ ಮೇಲೆ ಒರೆಸಿ, ಒಣಗಿಸಿ, ಒಂದು ಹನಿ ಎಣ್ಣೆ ಸವರಿಡಬೇಕು. ಹಳೆಯ ಉಕ್ಕು ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆ.

ಬೈಗುಳವಾದ ಹೆಸರು

ಆ ದಿನ ಅಂಗಡಿಯ ಮೂಲೆಯಲ್ಲಿ ಕುಳಿತಿದ್ದ ಹುಡುಗಿ ಮೊದಲಿನಂತೆ ನಗುತ್ತಿರಲಿಲ್ಲ. ಶಾಲೆಯ ಆಟದ ಬಯಲಿನಲ್ಲಿ ಹುಡುಗನೊಬ್ಬ ಅವಳ ಮನೆತನದ ಕಸುಬಿನ ಹೆಸರನ್ನು ಹಿಡಿದು ಕೂಗಿದ್ದ, ಉಳಿದವರು ನಕ್ಕಿದ್ದರು. ಯುವಕ ಕಾರಣ ಕೇಳಿದಾಗ ಕಾಕಾ ಚರ್ಮದ ಪಟ್ಟಿಯನ್ನು ಸುತ್ತಿಡುತ್ತಲೇ ಹೇಳಿದರು: “ಕುತ್ತಿಗಿ ನಮ್ಮ ಕೈಯಾಗ ಕೊಡತಾರ ತಮ್ಮಾ. ಹೆಸರ ಮಾತ್ರ ಬೈಗಳಕ್ಕ ಇಟ್ಟುಕೊಂಡಾರ.”

ಇದು ಒಂದು ಊರಿನ ಮಾತಲ್ಲ. ಕ್ಷೌರಿಕರನ್ನು ಕರೆಯುವ ಎಷ್ಟೋ ಪದಗಳು ನಮ್ಮ ಭಾಷೆಗಳಲ್ಲಿ ಜಗಳದ ಪದಗಳಾಗಿ ಹೋಗಿವೆ. ಆದರೆ ಅದೇ ನೆಲದ ನೆನಪು ಬೇರೆಯದನ್ನೂ ಹೇಳುತ್ತದೆ. ಬುದ್ಧನ ಶಿಷ್ಯ ಉಪಾಲಿ ಕ್ಷೌರಿಕನಾಗಿದ್ದವನು. ಬುದ್ಧನ ನಂತರ ರಾಜಗೃಹದ ಸಭೆಯಲ್ಲಿ ಸಂಘದ ನಿಯಮಗಳನ್ನು ನೆನಪಿನಿಂದ ಹೇಳಿದವನೆಂದು ಬೌದ್ಧ ಪರಂಪರೆ ಅವನನ್ನು ಗೌರವಿಸುತ್ತದೆ. ಸೊಲ್ಲಾಪುರ ಜಿಲ್ಲೆಯದೇ ಆದ ಪಂಢರಪುರದ ವಾರಕರಿಗಳು ಸಂತ ಸೇನಾ ನ್ಹಾವಿಯ ಅಭಂಗಗಳನ್ನು ಇಂದಿಗೂ ಹಾಡುತ್ತಾರೆ. ಸೇನಾ ಪೂಜೆಯಲ್ಲಿ ಮೈಮರೆತಿದ್ದಾಗ ದೇವರೇ ಅವನ ರೂಪ ತಾಳಿ ರಾಜನ ಕ್ಷೌರಕ್ಕೆ ಹೋದನೆಂಬ ಕಥೆ ಆ ಭಾಗದ ಮುದುಕರಿಗೆ ಬಾಯಿಪಾಠ. ಬಸವಣ್ಣನವರ ಹತ್ತಿರವೇ ಇದ್ದ ಶರಣ ಹಡಪದ ಅಪ್ಪಣ್ಣನನ್ನು ಉತ್ತರ ಕರ್ನಾಟಕದ ಕ್ಷೌರಿಕ ಸಮಾಜ ತನ್ನ ಮೂಲಪುರುಷನೆಂದು ಸ್ಮರಿಸುತ್ತದೆ. ಅವನ ಮಡದಿ ಲಿಂಗಮ್ಮನೂ ವಚನಗಳನ್ನು ಬರೆದವಳು. ಏಳನೆಯ ತರಗತಿಯ ಹುಡುಗಿಗೆ ಈ ಹೆಸರುಗಳು ಮನೆಯಲ್ಲಿ ತಿಳಿದಿದ್ದವು. ಅವಳನ್ನು ಕೂಗಿದ ಹುಡುಗನಿಗೆ ಯಾರೂ ತಿಳಿಸಿರಲಿಲ್ಲ.

ಮೂರನೆಯ ಭಾನುವಾರ ಯುವಕ ಬಲಕೆನ್ನೆಗೆ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ಕುಳಿತ. ಕತ್ತಿ ಎತ್ತುವ ಮೊದಲು, ಆ ಮಾತನ್ನು ತಾನೂ ಅದೇ ಶಾಲೆಯ ಬಯಲಿನಲ್ಲಿ ಕೂಗಿದ್ದುಂಟು ಎಂದು ಹೇಳಿದ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವನ ಗದ್ದವನ್ನು ಎರಡು ಬೆರಳಿನಿಂದ ಹಿಡಿದು ಬೆಳಕಿನ ಕಡೆಗೆ ತಿರುಗಿಸಿ, “ಈಗ ಮಾತಾಡಬ್ಯಾಡ. ದವಡಿ ಅಲಗಾಡ್ತದ” ಎಂದರು.

ಅವನು ಬಾಯಿ ಮುಚ್ಚಿ, ಕೈ ಹಗುರ ಮಾಡಿದ. ಹುಡುಗಿ ತನ್ನ ವಿಜ್ಞಾನದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, ಚರಚರ ಸದ್ದು ಸರಿಯಾಗಿ ಬರುತ್ತಿದೆಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದಳು.