ಲಿಪ್ಯಂತರದಲ್ಲಿ ಉಳಿಯುವ ಹೆಸರು: ಕಮಾಂಡ್ ಲೈನ್ ಸಾಧನಗಳಿಗೆ ಕನ್ನಡ ಪದದ ಆಯ್ಕೆ

ಸಾರಾಂಶ: ಮುಕ್ತ ತಂತ್ರಾಂಶವೊಂದಕ್ಕೆ ಇಟ್ಟ ಕನ್ನಡ ಹೆಸರು ಕಮಾಂಡ್ ಲೈನಿನಲ್ಲಿ ಸಾಮಾನ್ಯವಾಗಿ ರೋಮನ್ ಸಣ್ಣಕ್ಷರಗಳಲ್ಲಿಯೇ ಬಳಕೆಯಾಗುತ್ತದೆ. ಆಗ ಅಳಿಯುವ ಧ್ವನಿಭೇದಗಳನ್ನು ಈ ಲೇಖನದಲ್ಲಿ ಪರಿಶೀಲಿಸಿ, ಹೆಸರಿನ ಆಯ್ಕೆಗೆ ‘ಮರುಬರಹ ಪರೀಕ್ಷೆ’ಯೊಂದನ್ನು ಸೂಚಿಸುತ್ತೇವೆ.

ಮುಖ್ಯಪದಗಳು: ಲಿಪ್ಯಂತರ, ಧ್ವನಿಭೇದ, ನಾಮಕರಣ, ಮುಕ್ತ ತಂತ್ರಾಂಶ

1. ಊರಿನ ಹೆಸರು ಮತ್ತು ಆಜ್ಞಾಪದ

ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲದ ಹೆಸರನ್ನು ವಾಡಿಕೆಯ ರೋಮನ್ ಕ್ರಮದಲ್ಲಿ ಬರೆದರೆ 16 ಅಕ್ಷರಗಳಾಗುತ್ತವೆ. ನಡುವಿನ ಳಕಾರವೂ ಕೊನೆಯ ಲಕಾರವೂ ಒಂದೇ ‘ಎಲ್’ ಆಗುತ್ತವೆ. ‘ಡ್ಡ’ ಮತ್ತು ‘ದ್ದ’ಗಳ ಭೇದವೂ ಕಾಣದು. ಆದರೂ ಊರಿನ ಹೆಸರು ಕೆಡುವುದಿಲ್ಲ; ಫಲಕದಲ್ಲಿ ಕನ್ನಡ ರೂಪವಿದೆ, ಹೆಸರನ್ನು ಸರಿಯಾಗಿ ನುಡಿಯುವ ಜನರಿದ್ದಾರೆ. ಕಮಾಂಡ್ ಲೈನಿನಲ್ಲಿ ಟೈಪಿಸುವ ಹೆಸರಿಗೆ, ಅಂದರೆ ಆಜ್ಞಾಪದಕ್ಕೆ, ಈ ಎರಡು ಆಸರೆಗಳೂ ಇಲ್ಲ. ಅದನ್ನು ಬಳಸುವವರಲ್ಲಿ ಹಲವರು ಕನ್ನಡವನ್ನೇ ಅರಿಯರು. ಸಾಲದೆಂಬಂತೆ, ಪಾಸಿಕ್ಸ್ ಮಾನಕದ ಮಾರ್ಗಸೂಚಿ ಆಜ್ಞಾಪದವನ್ನು ಸಣ್ಣಕ್ಷರ ಮತ್ತು ಅಂಕಿಗಳಿಗೆ ಸೀಮಿತಗೊಳಿಸಿ, ಉದ್ದವನ್ನು 2ರಿಂದ 9 ಅಕ್ಷರಗಳಿಗೆ ಕಟ್ಟಿಹಾಕುತ್ತದೆ. ದೀರ್ಘಸ್ವರ ಮತ್ತು ಮೂರ್ಧನ್ಯಗಳನ್ನು ದೊಡ್ಡಕ್ಷರಗಳಿಂದ ಸೂಚಿಸುವ ರೂಢಿಗೂ ಇಲ್ಲಿ ಎಡೆಯಿಲ್ಲ.

2. ‘ಕಡಲು’ ಎಂಬ ನಿದರ್ಶನ

‘ಕಡಲು’ ಎಂಬುದು ಕುಬರ್ನೆಟೀಸ್ ಪರಿಸರಕ್ಕಾಗಿ ಗ್ಲಸ್ಟರ್ ತಂತ್ರಾಂಶವನ್ನು ಆಧರಿಸಿ ರೂಪಿಸಿದ, ಮುಕ್ತ ಆಕರದ ದತ್ತಾಂಶ ಸಂಗ್ರಹಣಾ ಯೋಜನೆ. ಅದರ ರೋಮನ್ ರೂಪದಲ್ಲಿ ಆರು ಅಕ್ಷರಗಳಿವೆ. ಮೂರು ಸ್ವರಗಳ ಹ್ರಸ್ವ-ದೀರ್ಘಗಳು, ದ-ಡ, ಲ-ಳ ಎಂಬ ಐದು ಇಬ್ಬಗೆಗಳಿಂದ ಈ ರೂಪಕ್ಕೆ 32 ಕನ್ನಡ ಓದುಗಳು ಸಾಧ್ಯ. ಅವುಗಳಲ್ಲಿ ‘ಕಡಲು’ ನಾಮಪದ, ‘ಕದಲು’ ಕ್ರಿಯಾಪದ, ‘ಕಾಡಲು’, ‘ಕಾದಲು’ ಎಂಬವು ಕಾಡು, ಕಾದು ಧಾತುಗಳ ಭಾವರೂಪಗಳು.

ಇವುಗಳಲ್ಲಿ ತೊಡಕಿನದು ‘ಕದಲು’. ಕನ್ನಡದಲ್ಲಿ ಬರಿಯ ಧಾತುವೇ ಮಧ್ಯಮ ಪುರುಷ ಏಕವಚನದ ವಿಧ್ಯರ್ಥವೂ ಆಗಬಲ್ಲದು. ಯೂನಿಕ್ಸ್ ಪರಂಪರೆಯ ಆಜ್ಞಾಪದಗಳಲ್ಲಿಯೂ ಕ್ರಿಯಾಪದಗಳು ಹೇರಳ. ಕಡತವನ್ನು ಸ್ಥಳಾಂತರಿಸುವ ‘ಎಂವಿ’ ಇಂಗ್ಲಿಷಿನ ‘ಮೂವ್’ ಕ್ರಿಯಾಪದದ ಸಂಕ್ಷೇಪ. ಆದುದರಿಂದ ‘ಕದಲು’ ಎಂಬ ಓದನ್ನು ಆಜ್ಞೆಯ ಸಂದರ್ಭವೊಂದೇ ತಳ್ಳಿಹಾಕಲಾರದು. ಅದನ್ನು ದೂರವಿಡುವ ಅಂಶಗಳು ಎರಡು. ಮೊದಲನೆಯದು ವಾಕ್ಯರಚನೆ: ‘ಕುಬ್‌ಸಿಟಿಎಲ್ ಕಡಲು ಇನ್‌ಸ್ಟಾಲ್’ ಎಂಬ ಅನುಕ್ರಮದಲ್ಲಿ ಕ್ರಿಯಾಪದ ಬೇರೆಯಾಗಿ ಬರುವುದರಿಂದ ನಡುವಿನ ಪದ ನಾಮಪದವೆಂದೇ ಗ್ರಹಿಕೆಯಾಗುತ್ತದೆ. ಎರಡನೆಯದು ಅರ್ಥಕ್ಷೇತ್ರ: ಕುಬರ್ನೆಟೀಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಚುಕ್ಕಾಣಿ ಹಿಡಿದವನು, ಅದರ ಜೊತೆಯ ಸಾಧನವೊಂದರ ಹೆಸರು ‘ಹೆಲ್ಮ್’, ಅಂದರೆ ಚುಕ್ಕಾಣಿ. ಇಂಥ ನೌಕಾಸಂಬಂಧಿ ಹೆಸರುಗಳ ನಡುವೆ ‘ಕಡಲು’ ಸಹಜವಾಗಿ ಹೊಂದುತ್ತದೆ.

3. ಮರುಬರಹ ಪರೀಕ್ಷೆ

ರೋಮನ್ ರೂಪವನ್ನು ಮತ್ತೆ ಕನ್ನಡಕ್ಕೆ ತಂದಾಗ ಎಷ್ಟು ಪದಗಳು ಮರಳುತ್ತವೆ ಎಂಬುದೇ ನಾವು ಸೂಚಿಸುವ ಪರೀಕ್ಷೆ. ಆಜ್ಞಾಪದಗಳಲ್ಲದಿದ್ದರೂ ಎರಡು ಪ್ರಸಿದ್ಧ ತಂತ್ರಾಂಶಗಳ ಹೆಸರುಗಳು ಹೋಲಿಕೆಗೆ ಒದಗುತ್ತವೆ. 1998ರಲ್ಲಿ ಬಂದ ‘ಬರಹ’ದಲ್ಲಿ ಮೂರ್ಧನ್ಯವಿಲ್ಲ, ಸ್ವರದೀರ್ಘತೆಯಿಂದ 8 ಓದುಗಳು ಸಾಧ್ಯವಾದರೂ ಮರಳುವ ಪದ ಒಂದೇ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ನಾಮಪದವಾಗಿಯೂ ಕ್ರಿಯಾಪದವಾಗಿಯೂ ಮರಳುತ್ತದೆ. ಎರಡರ ಮೂಲವೂ ಒಂದೇ ಆದುದರಿಂದ ಅರ್ಥ ಕೆಡದು. ‘ಕಡಲು’ ಮೂರನೆಯ ಬಗೆ: ಪರಸ್ಪರ ಸಂಬಂಧವಿಲ್ಲದ ಪದಗಳು ಮರಳುತ್ತವೆ, ಸಂದರ್ಭ ಅವನ್ನು ಬೇರ್ಪಡಿಸಬೇಕಾಗುತ್ತದೆ.

4. ಕನ್ನಡ ಲಿಪಿಯ ಸಾಧ್ಯತೆ

ಲಿನಕ್ಸ್‌ನಲ್ಲಿ ಕಡತದ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಇಡಲು ಅಡ್ಡಿಯಿಲ್ಲ. ಆಗ ಮೇಲಿನ ಭೇದಗಳೆಲ್ಲ ಉಳಿಯುತ್ತವೆ. ಆದರೆ ಇನ್ನೊಂದು ತೊಡಕು ಎದುರಾಗುತ್ತದೆ. ‘ದೊಡ್ಡ’ ಪದದ ಒಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರಗಳ ಚಿಹ್ನೆಗಳನ್ನು ಜೋಡಿಸಿ ಎರಡು ಸಂಕೇತಗಳಾಗಿಯೂ ಬರೆಯಬಹುದು. ಯೂನಿಕೋಡ್ ಇವೆರಡನ್ನೂ ಸಮಾನವೆಂದು ಪರಿಗಣಿಸುತ್ತದೆ. ಬೈಟುಗಳನ್ನಷ್ಟೇ ಹೋಲಿಸುವ ವ್ಯವಸ್ಥೆಗೆ ಅವು ಬೇರೆ ಬೇರೆ ಹೆಸರುಗಳು. ರೋಮನ್ ರೂಪದಲ್ಲಿ ಹಲವು ಪದಗಳು ಒಂದಾದರೆ, ಇಲ್ಲಿ ಒಂದೇ ಪದ ಎರಡಾಗುತ್ತದೆ.

5. ಉಪಸಂಹಾರ

ಹೆಸರಿಡುವವರು ಅರ್ಥದ ಸೊಗಸನ್ನೂ ಉಚ್ಚಾರಣೆಯ ಸೌಲಭ್ಯವನ್ನೂ ನೋಡುವುದು ವಾಡಿಕೆ. ಇವುಗಳ ಜೊತೆಗೆ, ಲಿಪ್ಯಂತರದಲ್ಲಿ ಅಳಿಯುವ ಭೇದಗಳ ಮೇಲೆ ಆ ಪದ ಎಷ್ಟು ಅವಲಂಬಿಸಿದೆ ಎಂಬುದನ್ನೂ ಪರಿಗಣಿಸಬೇಕೆಂಬುದು ನಮ್ಮ ನಿಲುವು. ಒಂದಕ್ಕಿಂತ ಹೆಚ್ಚು ಪದಗಳು ಮರಳಿದ ಮಾತ್ರಕ್ಕೆ ಹೆಸರನ್ನು ಕೈಬಿಡಬೇಕಿಲ್ಲ. ಆಜ್ಞೆಯ ರಚನೆ ಉಳಿದ ಓದುಗಳನ್ನು ದೂರವಿಡುವಂತಿದ್ದರೆ ಸಾಕು.