ಬಣ್ಣಕ್ಕೆ ಕಟ್ಟಿದ ಬೆಲೆ: ಜಾಹೀರಾತು ಮತ್ತು ತರುಣಿಯರ ಪ್ರಸಾಧನ

ಸಂಸ್ಕೃತದ ‘ವರ್ಣ’ ಶಬ್ದದ ತದ್ಭವವಾದ ‘ಬಣ್ಣ’ವು ನಮ್ಮ ನುಡಿಯಲ್ಲಿ ಕಣ್ಣಿಗೆ ಕಾಣುವ ಗುಣವನ್ನು ಮಾತ್ರ ಸೂಚಿಸುವುದಿಲ್ಲ. ಬಣ್ಣದ ಮಾತೆಂದರೆ ನಂಬಲಾಗದ ಮಾತು; ಬಣ್ಣ ಕಟ್ಟಿ ಹೇಳುವುದೆಂದರೆ ಇದ್ದುದಕ್ಕಿಂತ ಹೆಚ್ಚಾಗಿ ಹೇಳುವುದು; ಬಣ್ಣ ಬಯಲಾಯಿತೆಂದರೆ ಒಳಗಿನ ನಿಜ ಹೊರಬಿದ್ದಿತೆಂದು ಅರ್ಥ. ಬಣ್ಣ ಹಚ್ಚುವುದೆಂದರೆ ರಂಗವನ್ನೇರಿ ತಾನಲ್ಲದ ಇನ್ನೊಬ್ಬರಾಗಿ ನಿಲ್ಲುವುದು. ಬಣ್ಣದ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ಭಾಷೆಯನ್ನಾಡುವ ಮನೆಗಳಲ್ಲಿಯೇ, ಹೆಣ್ಣುಮಕ್ಕಳ ಮೈಬಣ್ಣದ ಮಾತು ಬಂದೊಡನೆ ಆ ಎಚ್ಚರ ಎಲ್ಲಿ ಹೋಗುತ್ತದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಇಂದಿನ ತರುಣಿಯರು ಪ್ರಸಾಧನ ಸಾಮಗ್ರಿಗಳಿಗೆ ಮರುಳಾಗಿರುವರೆಂದೂ, ಇದಕ್ಕೆಲ್ಲ ಜಾಹೀರಾತುಗಳೇ ಕಾರಣವೆಂದೂ ಹಿರಿಯರು ದೂರುವುದುಂಟು. ಈ ದೂರಿನಲ್ಲಿ ಅರ್ಧ ಸತ್ಯವಿದೆ. ಸೌಂದರ್ಯದ ಅಳತೆಗೋಲನ್ನು ಜಾಹೀರಾತು ತಾನಾಗಿ ನಿರ್ಮಿಸಲಿಲ್ಲ. ನಮ್ಮ ಮನೆಯ ಮೂಲೆಯಲ್ಲಿದ್ದ ಅಳತೆಗೋಲನ್ನು ಎರವಲು ಪಡೆದು, ಅದಕ್ಕೊಂದು ಬೆಲೆಯನ್ನು ಕಟ್ಟಿ, ಮರಳಿ ನಮಗೇ ಮಾರಿತು. ಈ ವ್ಯಾಪಾರವು ನಡೆದುಬಂದ ಬಗೆಯನ್ನು ಸ್ಥೂಲವಾಗಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಮನೆಯ ಅಳತೆಗೋಲನ್ನು ನೋಡೋಣ. “ಹುಡುಗಿ ಕಪ್ಪಾದರೂ ಲಕ್ಷಣವಾಗಿದ್ದಾಳೆ” ಎಂಬ ವಾಕ್ಯವನ್ನು ಕೇಳದ ಕನ್ನಡಿಗರು ವಿರಳ. ಆಡುವವರ ಮನಸ್ಸಿನಲ್ಲಿ ಅದು ಪ್ರಶಂಸೆಯೇ. ಆದರೆ ಆ ವಾಕ್ಯದ ಭಾರವೆಲ್ಲ ‘ಆದರೂ’ ಎಂಬ ಒಂದು ಪದದ ಮೇಲೆ ನಿಂತಿದೆ. ಕಪ್ಪು ಒಂದು ಕೊರತೆ, ಲಕ್ಷಣವು ಆ ಕೊರತೆಗೆ ದೊರೆತ ಪರಿಹಾರ ಎಂದು ಆ ಪದವು ಸದ್ದಿಲ್ಲದೆ ತೀರ್ಪು ಕೊಡುತ್ತದೆ. “ಹುಡುಗಿ ಬೆಳ್ಳಗಿದ್ದರೂ ಲಕ್ಷಣವಾಗಿದ್ದಾಳೆ” ಎಂದು ಯಾರೂ ಹೇಳುವುದಿಲ್ಲ. ಕೃಷ್ಣನನ್ನೂ ರಾಮನನ್ನೂ ಶ್ಯಾಮಲವರ್ಣದವರೆಂದು ಕೊಂಡಾಡಿ, ದ್ರೌಪದಿಗೆ ‘ಕೃಷ್ಣೆ’ಯೆಂದೇ ಹೆಸರಿರುವ ಕಥೆಯನ್ನು ಭಕ್ತಿಯಿಂದ ಕೇಳಿ ಎದ್ದವರೇ ಸೊಸೆಯನ್ನು ಹುಡುಕುವಾಗ ಬಿಳಿಯ ಬಣ್ಣವನ್ನು ಬಯಸುತ್ತಾರೆ. ವಿವಾಹದ ಜಾಹೀರಾತುಗಳಲ್ಲಿ ಬರುವ ‘ಗೋಧಿ ಬಣ್ಣ’ವೆಂಬ ಮಾತು, ಕಾಣೆಯಾದವರ ಗುರುತನ್ನು ಹೇಳುವ ಪೊಲೀಸ್ ಪ್ರಕಟಣೆಯಲ್ಲಿಯೂ ಬರುತ್ತದೆ. ಅಲ್ಲಿ ಅದು ಗುರುತು. ಇಲ್ಲಿ ಅದು ಅಂತಸ್ತು.

ಹಳೆಯ ಕಾಲದಲ್ಲಿಯೂ ಹೆಣ್ಣುಮಕ್ಕಳು ಸಿಂಗರಿಸಿಕೊಳ್ಳುತ್ತಿದ್ದರು. ಹರಳೆಣ್ಣೆಯ ದೀಪದ ಕುಡಿಯಿಂದ ಹಿಡಿದ ಕಾಡಿಗೆ, ಅರಿಸಿನ, ಕುಂಕುಮ, ಮದರಂಗಿ, ಮುಡಿಗೆ ಹೂವು ಇವು ಎಲ್ಲ ಮನೆಗಳಲ್ಲಿಯೂ ಇದ್ದವು. ಇವುಗಳಲ್ಲಿ ಹೆಚ್ಚಿನವು ಮಂಗಳದ ಹಾಗೂ ಹಬ್ಬದ ಚಿಹ್ನೆಗಳು. ಯಾವುದೋ ದೋಷವನ್ನು ಮುಚ್ಚುವ ಔಷಧಗಳಲ್ಲ. ಹಾಗೆಂದು ಆ ಕಾಲವನ್ನು ಹೊಗಳಬೇಕಾಗಿಲ್ಲ. ವಿಧವೆಗೆ ಕುಂಕುಮವನ್ನೂ ಹೂವನ್ನೂ ನಿಷೇಧಿಸಿದ್ದ ಸಮಾಜವದು. ಹೆಣ್ಣು ನೋಡುವ ಶಾಸ್ತ್ರವೂ ಆಗಲೇ ಇದ್ದಿತು. ಆದರೆ ಅಂದಿನ ಕಟ್ಟಳೆಯಲ್ಲಿ ಬಣ್ಣವು ಹಣೆಬರಹವೆನಿಸಿತ್ತು. ಹುಡುಗಿ ಅದಕ್ಕಾಗಿ ದುಃಖಪಡಬಹುದಾಗಿತ್ತು. ಅದು ತನ್ನ ಆಲಸ್ಯದ ಫಲವೆಂದು ಅಪರಾಧಭಾವವನ್ನು ತಾಳಬೇಕಾಗಿರಲಿಲ್ಲ. ಜಾಹೀರಾತು ಬದಲಾಯಿಸಿದುದು ಇದನ್ನೇ. ಹಣೆಬರಹವಾಗಿದ್ದುದನ್ನು ಅದು ಕರ್ತವ್ಯವಾಗಿ ಮಾಡಿತು.

ಈ ಬದಲಾವಣೆಯ ಮೊದಲ ಹೆಜ್ಜೆಗಳಲ್ಲೊಂದು ಚಲಚ್ಚಿತ್ರದ ಮೂಲಕ ಬಂದಿತು. ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ಚಿತ್ರನಟಿ ಲೀಲಾ ಚಿಟ್ನೀಸ್, ವರ್ಷ ೧೯೪೧. ಆಕೆ ಹುಟ್ಟಿದುದು ನಮ್ಮ ಧಾರವಾಡದಲ್ಲಿ. ಪದವೀಧರೆಯೂ ಸುಸಂಸ್ಕೃತ ಮನೆತನದವಳೂ ಆದ ನಟಿಯೊಬ್ಬಳ ಮುಖವು ಸಾಬೂನಿನ ಹೊದಿಕೆಯೊಡನೆ ಸೇರಿದಾಗ, ನಟಿಯ ಕಾಂತಿಗೂ ಅಂಗಡಿಯ ವಸ್ತುವಿಗೂ ಸಂಬಂಧವುಂಟೆಂಬ ಭಾವನೆ ಗೃಹಸ್ಥರ ಮನೆಯನ್ನು ಪ್ರವೇಶಿಸಿತು.

ಎರಡನೆಯ ಹೆಜ್ಜೆ ೧೯೫೨ರದು. ಆ ವರ್ಷ ಟಾಟಾ ಆಯಿಲ್ ಮಿಲ್ಸ್ ಸಂಸ್ಥೆಯ ಅಂಗವಾಗಿ ಮುಂಬಯಿಯಲ್ಲಿ ‘ಲ್ಯಾಕ್ಮೆ’ ಸ್ಥಾಪಿತವಾಯಿತು. ವಿದೇಶೀ ಪ್ರಸಾಧನಗಳಿಗಾಗಿ ಅಮೂಲ್ಯವಾದ ವಿದೇಶೀ ವಿನಿಮಯವು ವ್ಯಯವಾಗುತ್ತಿದ್ದುದನ್ನು ತಡೆಯಲು ಪ್ರಧಾನಿ ನೆಹರೂ ಅವರು ಇದಕ್ಕೆ ಪ್ರೇರಣೆಯಿತ್ತರೆಂದು ಹೇಳುತ್ತಾರೆ. ಹೆಸರಿನ ಕಥೆಯೂ ಸ್ವಾರಸ್ಯವಾದುದು. ೧೮೮೩ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿತವಾದ ಡೆಲೀಬನ ಗೀತನಾಟಕದ ಹೆಸರು ‘ಲ್ಯಾಕ್ಮೆ’. ನಾಯಕಿ ಭಾರತದ ಅರ್ಚಕನ ಮಗಳು. ಹೆಸರು ನಮ್ಮ ‘ಲಕ್ಷ್ಮಿ’ಯ ಫ್ರೆಂಚ್ ರೂಪ. ಲಕ್ಷ್ಮಿಯು ಪ್ಯಾರಿಸ್ಸಿಗೆ ಹೋಗಿ ಲ್ಯಾಕ್ಮೆಯಾಗಿ ಮರಳಿದಳು. ಮರಳಿದ ಮೇಲೆ ಮನೆಯ ಲಕ್ಷ್ಮಿಯರು ಆಕೆಯಂತೆ ಕಾಣಲು ಬಯಸಿದರು. ೧೯೬೧ರಲ್ಲಿ ಆಡಳಿತ ಮಂಡಳಿಯನ್ನು ಸೇರಿದ ಜಿನೀವಾದ ಸಿಮೋನ್ ಟಾಟಾ ಅವರ ನೇತೃತ್ವದಲ್ಲಿ ಈ ಸಂಸ್ಥೆ ಮನೆಮಾತಾಯಿತು. ಮುಖಕ್ಕೆ ಬಣ್ಣ ಹಚ್ಚುವುದು ನಾಟಕದವರ ಕೆಲಸವೆಂಬ ಭಾವನೆಯನ್ನು ಹೋಗಲಾಡಿಸಿ, ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳೂ ಹಚ್ಚಬಹುದೆಂದು ಒಪ್ಪಿಸಬೇಕಾದುದು ಅಂದಿನ ಜಾಹೀರಾತಿನ ಮುಖ್ಯ ಕಾರ್ಯವಾಗಿತ್ತು. ಇದರಲ್ಲಿ ಒಂದು ಬಗೆಯ ಬಿಡುಗಡೆಯೂ ಇದ್ದಿತೆಂಬುದನ್ನು ಒಪ್ಪಿಕೊಳ್ಳಬೇಕು.

ಮೂರನೆಯ ಹೆಜ್ಜೆ ಬೇರೆ ಜಾತಿಯದು. ೧೯೭೫ರಲ್ಲಿ ಹಿಂದೂಸ್ತಾನ್ ಲೀವರ್ ಸಂಸ್ಥೆಯು ‘ಫೇರ್ ಅಂಡ್ ಲವ್ಲಿ’ ಎಂಬ ಲೇಪವನ್ನು ಹೊರತಂದಿತು. ಹೆಸರಿನಲ್ಲಿಯೇ ಬಿಳುಪನ್ನೂ ಚೆಲುವನ್ನೂ ಒಂದು ನೊಗಕ್ಕೆ ಕಟ್ಟಲಾಗಿದ್ದಿತು. ತುಟಿಯ ಬಣ್ಣವನ್ನು ಸಂಜೆ ತೊಳೆಯಬಹುದು. ಹಚ್ಚಿಕೊಂಡವಳಿಗೂ ನೋಡುವವನಿಗೂ ಅದು ಬಣ್ಣವೆಂದು ಗೊತ್ತು. ಈ ಲೇಪವಾದರೋ ಬಣ್ಣ ಹಚ್ಚುವುದಾಗಿ ಹೇಳಲಿಲ್ಲ, ಬಣ್ಣವನ್ನು ಬದಲಿಸುವುದಾಗಿ ಹೇಳಿತು. ಲೇಪದ ಹೊದಿಕೆಯ ಮೇಲೆ ಒಂದೇ ಮುಖವು ಮಂಕಿನಿಂದ ಬಿಳುಪಿಗೆ ಏರುವ ಚಿತ್ರವಿರುತ್ತಿತ್ತು. ಎಷ್ಟು ಬೆಳ್ಳಗಾಯಿತೆಂದು ಹೋಲಿಸಿ ನೋಡಲು ಬಣ್ಣದ ಮಾಪನಪಟ್ಟಿಯನ್ನೂ ಒದಗಿಸಲಾಗುತ್ತಿತ್ತು. ಹುಡುಗಿಯು ತನ್ನ ಮುಖವನ್ನು ತಾನೇ ಅಳೆದುಕೊಳ್ಳುವ ಸಾಧನವು ಹೀಗೆ ಅವಳ ಕೈಗೇ ಬಂದಿತು.

ಇಂತಹ ಜಾಹೀರಾತುಗಳ ಕಥೆಯ ಅಚ್ಚು ಒಂದೇ. ಕಪ್ಪಗಿರುವ ಹುಡುಗಿ ದುಃಖದಲ್ಲಿರುತ್ತಾಳೆ. ಯಾರೋ ಲೇಪವನ್ನು ಕೊಡುತ್ತಾರೆ. ಕೆಲವು ವಾರಗಳಲ್ಲಿ ಮುಖವೂ ಭಾಗ್ಯವೂ ಒಟ್ಟಿಗೆ ಬೆಳಗುತ್ತವೆ. ಮೊದಮೊದಲು ಆ ಭಾಗ್ಯವೆಂದರೆ ವರ. ಹೆಣ್ಣುಮಕ್ಕಳು ಉದ್ಯೋಗಕ್ಕೆ ಬಂದಂತೆ ಭಾಗ್ಯವೆಂದರೆ ನೌಕರಿಯೂ ಆಯಿತು. ತನಗೆ ಮಗನಿಲ್ಲವೆಂದು ತಂದೆ ಮರುಗುವುದನ್ನು ಕೇಳಿದ ಮಗಳು, ಲೇಪದಿಂದ ಬೆಳ್ಳಗಾಗಿ, ಗಗನಸಖಿಯಾಗಿ ತಂದೆಯನ್ನು ಸಾಕುವ ಜಾಹೀರಾತೊಂದು ಬಂದಿತ್ತು. ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆಯ ಪ್ರತಿಭಟನೆಯ ಫಲವಾಗಿ, ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕ್ರಮದಿಂದ ೨೦೦೩ರಲ್ಲಿ ಅದು ನಿಂತಿತು. ಗಮನಿಸಬೇಕಾದ ಅಂಶವೆಂದರೆ, ಮಗನಿಲ್ಲದ ಸಂಕಟವನ್ನು ಆ ಜಾಹೀರಾತು ಹುಟ್ಟಿಸಲಿಲ್ಲ. ಅದು ಮನೆಯಲ್ಲಿ ಸಿದ್ಧವಾಗಿದ್ದ ಸಂಕಟ.

ಮನೆಯ ನಂಬಿಕೆ ಅಂಗಡಿಗೆ ಹೋಗುವ ಈ ಮಾರ್ಗಕ್ಕೆ ಇನ್ನೊಂದು ನಿದರ್ಶನವಿದೆ. ಬಸುರಿಗೆ ಕೇಸರಿ ಹಾಕಿದ ಹಾಲನ್ನು ಕೊಟ್ಟರೆ ಮಗು ಬೆಳ್ಳಗೆ ಹುಟ್ಟುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಸರ್ವತ್ರವಾಗಿದೆ. ಚೆನ್ನೈಯ ಕೆವಿನ್‌ಕೇರ್ ಸಂಸ್ಥೆಯು ೧೯೯೮ರಲ್ಲಿ ‘ಫೇರೆವರ್’ ಎಂಬ ಲೇಪವನ್ನು ಹೊರತಂದಾಗ ಅದರ ಹಿರಿಮೆಯೆಂದು ಸಾರಿದುದು ಅದೇ ಕೇಸರಿ ಮತ್ತು ಹಾಲನ್ನು. ಅಜ್ಜಿಯ ಮಾತಿಗೆ ವ್ಯಾಪಾರದ ಮುದ್ರೆ ಬಿದ್ದಿತು. ಕೆಲವೇ ರೂಪಾಯಿಗಳಿಗೆ ಸಿಗುವ ಸಣ್ಣ ಪೊಟ್ಟಣಗಳಿಂದಾಗಿ ಈ ವಸ್ತುಗಳು ಹಳ್ಳಿಯ ಕಿರಾಣಿ ಅಂಗಡಿಯ ದಾರದಲ್ಲಿಯೂ ತೂಗಾಡಿದವು. ಒಂದೇ ಸಲ ನೂರು ರೂಪಾಯಿ ಕೊಡುವಾಗ ಮನುಷ್ಯನು ಯೋಚಿಸುತ್ತಾನೆ. ವಾರವಾರ ಕೊಡುವ ಚಿಲ್ಲರೆಗೆ ಲೆಕ್ಕವಿಡುವುದಿಲ್ಲ. ಇದು ಬ್ಯಾಂಕಿನಲ್ಲಿ ಕುಳಿತವರು ದಿನವೂ ಕಾಣುವ ಸತ್ಯ.

೧೯೯೧ರ ಆರ್ಥಿಕ ಉದಾರೀಕರಣದ ಬಳಿಕ ಈ ಕ್ಷೇತ್ರಕ್ಕೆ ವಿದೇಶೀ ಸಂಸ್ಥೆಗಳು ಬಂದವು. ೧೯೯೪ರಲ್ಲಿ ಸುಷ್ಮಿತಾ ಸೇನ್ ವಿಶ್ವಸುಂದರಿಯರ ಒಂದು ಸ್ಪರ್ಧೆಯಲ್ಲಿಯೂ, ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಇನ್ನೊಂದರಲ್ಲಿಯೂ ಗೆದ್ದರು. ೧೯೯೬ರ ನವೆಂಬರಿನಲ್ಲಿ ‘ಮಿಸ್ ವರ್ಲ್ಡ್’ ಸ್ಪರ್ಧೆಯು ಬೆಂಗಳೂರಿನಲ್ಲಿಯೇ ನಡೆಯಿತು. ರೈತ ಸಂಘಟನೆಗಳೂ ಮಹಿಳಾ ಸಂಘಟನೆಗಳೂ ಸಂಸ್ಕೃತಿರಕ್ಷಕರೆನಿಸಿಕೊಂಡವರೂ ತಂತಮ್ಮ ಕಾರಣಗಳಿಗಾಗಿ ವಿರೋಧಿಸಿದರು. ಈಜುಡುಗೆಯ ಸುತ್ತು ಸೆಶೆಲ್ಸ್ ದ್ವೀಪಗಳಿಗೆ ಹೋಯಿತು. ಉಡುಗೆಯ ವಿಷಯದಲ್ಲಿ ಅಷ್ಟು ಕೋಲಾಹಲವೆದ್ದರೂ ಅಳತೆಗೋಲಿನ ವಿಷಯ ಹಿಂದೆಯೇ ಉಳಿಯಿತು. ಅದೇ ವರ್ಷ ಲ್ಯಾಕ್ಮೆಯು ಹಿಂದೂಸ್ತಾನ್ ಲೀವರಿನೊಡನೆ ಪಾಲುದಾರಿಕೆಗೆ ಬಂದು, ೧೯೯೮ರಲ್ಲಿ ಪೂರ್ಣವಾಗಿ ಅದರ ವಶವಾಯಿತು. ಮುಖವನ್ನು ಬೆಳ್ಳಗೆ ಮಾಡುವೆನೆನ್ನುವ ಲೇಪವೂ ಅದರ ಮೇಲೆ ಹಚ್ಚುವ ಬಣ್ಣಗಳೂ ಒಂದೇ ಸೂರಿನಡಿ ಸೇರಿದವು.

ನಿಯಂತ್ರಣದ ಪ್ರಯತ್ನಗಳು ನಡೆಯದಿಲ್ಲ. ಚೆನ್ನೈಯ ‘ವಿಮೆನ್ ಆಫ್ ವರ್ತ್’ ಸಂಸ್ಥೆಯು ೨೦೦೯ರಲ್ಲಿ ಕಪ್ಪೂ ಚೆಲುವೇ ಎಂಬ ಆಂದೋಲನವನ್ನು ಆರಂಭಿಸಿತು. ನಟಿ ನಂದಿತಾ ದಾಸ್ ಅದಕ್ಕೆ ದನಿಗೂಡಿಸಿದರು. ಜಾಹೀರಾತುದಾರರ ಸ್ವನಿಯಂತ್ರಣ ಸಂಸ್ಥೆಯಾದ ಭಾರತೀಯ ಜಾಹೀರಾತು ಮಾನಕ ಮಂಡಳಿಯು ೨೦೧೪ರಲ್ಲಿ, ಕಪ್ಪು ಮೈಬಣ್ಣದವರನ್ನು ಅನಾಕರ್ಷಕರೆಂದೂ ದುಃಖಿಗಳೆಂದೂ ಚಿತ್ರಿಸಕೂಡದೆಂಬ ನಿಯಮವನ್ನು ತಂದಿತು. ೨೦೧೯ರಲ್ಲಿ ಲೇಪದ ಹೊದಿಕೆಯ ಜೋಡಿಮುಖವೂ ಮಾಪನಪಟ್ಟಿಯೂ ಮರೆಯಾದವು. ೨೦೨೦ರಲ್ಲಿ ಅಮೆರಿಕೆಯ ಕಪ್ಪುಜನರ ಹೋರಾಟದ ಅಲೆ ಜಗತ್ತನ್ನೆಲ್ಲ ಮುಟ್ಟಿದಾಗ ‘ಫೇರ್ ಅಂಡ್ ಲವ್ಲಿ’ಯು ‘ಗ್ಲೋ ಅಂಡ್ ಲವ್ಲಿ’ಯಾಯಿತು. ಬಿಳುಪು ಹೋಗಿ ಕಾಂತಿ ಬಂದಿತು, ಲೇಪ ಉಳಿಯಿತು. ಮಾರನೆಯ ವರ್ಷ ಅದೇ ಸಂಸ್ಥೆಯ ‘ಡವ್’ ಸಾಬೂನಿನ ಜಾಹೀರಾತು, ಹೆಣ್ಣು ನೋಡುವ ನೆಪದಲ್ಲಿ ನಡೆಯುವ ರೂಪಪರೀಕ್ಷೆಯನ್ನು ನಿಲ್ಲಿಸಿರೆಂದು ನಮಗೆ ಉಪದೇಶಿಸಿತು. ಗಾಯದಿಂದಲೂ ಮುಲಾಮಿನಿಂದಲೂ ಲಾಭವನ್ನು ಪಡೆಯುವ ಈ ಚಾತುರ್ಯವು ಜಾಹೀರಾತಿನ ಸ್ವಭಾವವನ್ನು ತಿಳಿಸುತ್ತದೆ. ಅದಕ್ಕೆ ಸಿದ್ಧಾಂತವಿಲ್ಲ, ಗಿರಾಕಿಯ ಮನಸ್ಸು ಎತ್ತ ವಾಲಿದರೆ ಅತ್ತ ಅದು ವಾಲುತ್ತದೆ.

ಈ ಬಯಕೆಗೆ ಹಣವಷ್ಟೇ ಬೆಲೆಯಲ್ಲ. ಮೈಬಣ್ಣವನ್ನು ನಿರ್ಧರಿಸುವ ಮೆಲನಿನ್ ಎಂಬ ದ್ರವ್ಯವು ಬಿಸಿಲಿನಿಂದ ಚರ್ಮವನ್ನು ಕಾಪಾಡುವ ರಕ್ಷೆ. ಅದರ ಉತ್ಪತ್ತಿಯನ್ನು ತಡೆಯುವ ಪಾದರಸವನ್ನು ಬೆರೆಸಿದ ಲೇಪಗಳು ಬೇಗನೆ ಬಿಳುಪನ್ನು ತೋರಿಸುತ್ತವೆ. ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡವನ್ನು ಕೆಡಿಸುತ್ತವೆ. ೨೦೨೩ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಇಂತಹ ರೋಗಿಗಳನ್ನು ಗುರುತಿಸಿದರು. ಸ್ಟೆರಾಯ್ಡ್ ಬೆರೆತ ಮುಲಾಮುಗಳ ದುರುಪಯೋಗ ಹೆಚ್ಚಿದುದರಿಂದ ಸರ್ಕಾರವು ೨೦೧೮ರಲ್ಲಿ ಅವುಗಳಲ್ಲಿ ಹಲವನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಬೇಕಾಯಿತು.

ಇಂದು ಜಾಹೀರಾತಿನ ರೂಪವೇ ಬದಲಾಗಿದೆ. ಹಿಂದೆ ಅದು ಜಾಹೀರಾತೆಂದು ಗೊತ್ತಾಗುತ್ತಿತ್ತು. ಇಂದು ಅದು ಮೊಬೈಲಿನ ಪರದೆಯಲ್ಲಿ ಗೆಳತಿಯ ವೇಷದಲ್ಲಿ ಬರುತ್ತದೆ. ತನ್ನ ಕೋಣೆಯಲ್ಲಿ ಕುಳಿತು ಮುಖವನ್ನು ಸಿಂಗರಿಸಿಕೊಳ್ಳುತ್ತ ಮಾತನಾಡುವ ತರುಣಿಯು ಹಣ ಪಡೆದು ಹೇಳುತ್ತಿರುವಳೋ ಸ್ನೇಹದಿಂದ ಹೇಳುತ್ತಿರುವಳೋ ತಿಳಿಯುವುದಿಲ್ಲ. ಈ ಸಂಬಂಧವನ್ನು ಬಹಿರಂಗಪಡಿಸಬೇಕೆಂದು ಮಾನಕ ಮಂಡಳಿಯು ೨೦೨೧ರಲ್ಲಿಯೂ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ೨೦೨೩ರಲ್ಲಿಯೂ ಸೂಚಿಸಿದುದು ಇದಕ್ಕಾಗಿಯೇ. ಇದಕ್ಕಿಂತ ಸೂಕ್ಷ್ಮವಾದುದು ಛಾಯಾಚಿತ್ರವನ್ನು ತಾನಾಗಿ ತಿದ್ದುವ ‘ಫಿಲ್ಟರ್’. ಅದು ಚರ್ಮವನ್ನು ನಯಗೊಳಿಸಿ, ಬಣ್ಣವನ್ನು ತಿಳಿಗೊಳಿಸಿ, ಕಣ್ಣನ್ನು ಹಿಗ್ಗಿಸಿ ತೋರಿಸುತ್ತದೆ. ಹಿಂದಿನ ಹುಡುಗಿ ತನ್ನನ್ನು ಚಿತ್ರನಟಿಯೊಡನೆ ಹೋಲಿಸಿಕೊಂಡು ಸೋಲುತ್ತಿದ್ದಳು. ಇಂದಿನವಳು ತನ್ನದೇ ತಿದ್ದಿದ ಮುಖದ ಎದುರು ಸೋಲುತ್ತಾಳೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಸಿಂಗರಿಸಿಕೊಳ್ಳುವುದು ತಮ್ಮ ಸಂತೋಷಕ್ಕಾಗಿ, ಯಾವ ಜಾಹೀರಾತಿಗಾಗಿಯೂ ಅಲ್ಲ ಎಂದು ಅನೇಕ ತರುಣಿಯರು ಹೇಳುತ್ತಾರೆ. ಇದನ್ನು ಅಲ್ಲಗಳೆಯುವ ಅಧಿಕಾರ ನಮಗಿಲ್ಲ. ಹೆಣ್ಣಿನ ತುಟಿಯ ಬಣ್ಣದಿಂದ ಅವಳ ಶೀಲವನ್ನಳೆಯುವ ಗಂಡಸರ ನೀತಿಬೋಧೆಯೂ ಒಂದು ಅಳತೆಗೋಲೇ. ಆದರೂ ಸಿಂಗಾರಕ್ಕೂ ಸುಂಕಕ್ಕೂ ವ್ಯತ್ಯಾಸವುಂಟು. ಹಚ್ಚಿಕೊಂಡಾಗ ಸಂತೋಷವನ್ನು ಕೊಡುವುದು ಸಿಂಗಾರ. ಹಚ್ಚಿಕೊಳ್ಳದಿದ್ದಾಗ ನಾಚಿಕೆಯನ್ನುಂಟುಮಾಡುವುದು ಸುಂಕ. ವಿಮಾನ ಸಂಸ್ಥೆಗಳಲ್ಲಿ, ದೊಡ್ಡ ಹೋಟೆಲುಗಳಲ್ಲಿ, ಆಭರಣದ ಮಳಿಗೆಗಳಲ್ಲಿ ದುಡಿಯುವ ಹುಡುಗಿಯರಿಗೆ ಪ್ರಸಾಧನವು ಸಮವಸ್ತ್ರದ ಒಂದು ಭಾಗ. ಅಲ್ಲಿ ಸಂತೋಷದ ಪ್ರಶ್ನೆಯನ್ನು ಕೇಳುವವರಾರು?

ಕೊನೆಗೆ ನಮ್ಮ ಮಾತಿಗೆ ಬರೋಣ. ಕರ್ನಾಟಕ ಸರ್ಕಾರದ ಮೈಸೂರು ಸ್ಯಾಂಡಲ್ ಸಾಬೂನಿನ ಪ್ರಚಾರಕ್ಕೆ ೨೦೨೫ರ ಮೇ ತಿಂಗಳಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ೬.೨ ಕೋಟಿ ರೂಪಾಯಿಗಳಿಗೆ ಗೊತ್ತುಮಾಡಿದಾಗ ಕನ್ನಡಿಗರಲ್ಲಿ ದೊಡ್ಡ ಚರ್ಚೆಯೆದ್ದಿತು. ಚರ್ಚೆಯ ಮುಖ್ಯ ಪ್ರಶ್ನೆ, ಕನ್ನಡದ ನಟಿಯೇಕಲ್ಲ ಎಂಬುದು. ಅದು ಸಹಜವಾದ ಪ್ರಶ್ನೆ. ಆದರೆ ನಮ್ಮ ಸಾಬೂನನ್ನು ಮಾರಲು ನಮ್ಮೂರ ಹೆಣ್ಣುಮಕ್ಕಳ ಸಾಮಾನ್ಯ ಮೈಬಣ್ಣದ ಮುಖವೇಕೆ ಸಲ್ಲದು ಎಂಬ ಪ್ರಶ್ನೆಯೂ ಅದರ ಪಕ್ಕದಲ್ಲಿ ನಿಲ್ಲಬೇಕಾಗಿತ್ತು. ಭಾಷೆಯ ಅಭಿಮಾನವು ಎಚ್ಚೆತ್ತಿರುವಲ್ಲಿಯೂ ಬಣ್ಣದ ಅಭ್ಯಾಸವು ನಿದ್ದೆಯಲ್ಲಿರುತ್ತದೆ.

ಹೊರನಾಡಿನ ಕನ್ನಡ ಸಂಘಗಳು ನಡೆಸುವ ವಧೂವರರ ಸಮಾವೇಶಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಇಂತಹ ಅರ್ಜಿಗಳಲ್ಲಿ ಎತ್ತರ, ಗೋತ್ರ, ವಿದ್ಯಾಭ್ಯಾಸಗಳೊಡನೆ ‘ಮೈಬಣ್ಣ’ ಎಂಬ ಅಂಕಣವೂ ಇರುವುದು ರೂಢಿ. ಅದನ್ನು ತುಂಬುವ ಹುಡುಗಿಯ ಲೇಖನಿ ಅಲ್ಲಿ ಒಂದು ಕ್ಷಣ ನಿಲ್ಲುತ್ತದೆ. ‘ಕಪ್ಪು’ ಎಂದಿರುವಲ್ಲಿ ‘ಗೋಧಿ ಬಣ್ಣ’ ಎಂದು ಬರೆಯುತ್ತದೆ. ಆ ಒಂದು ಕ್ಷಣದಲ್ಲಿಯೇ ಲೇಪದ ವ್ಯಾಪಾರಿಗೆ ಗಿರಾಕಿ ಸಿಕ್ಕಿದಂತಾಯಿತು. ಮುಂಬಯಿಯ ವಿವಾಹಜಾಲತಾಣವಾದ ‘ಶಾದಿ ಡಾಟ್ ಕಾಮ್’ ಕೂಡ ೨೦೨೦ರಲ್ಲಿ ಮೈಬಣ್ಣದಿಂದ ಆರಿಸುವ ಸೌಲಭ್ಯವನ್ನು ತೆಗೆದುಹಾಕಿತು. ಲಾಭಕ್ಕಾಗಿ ನಡೆಯುವ ಸಂಸ್ಥೆ ಮಾಡಿದುದನ್ನು ಸೇವೆಗಾಗಿ ನಡೆಯುವ ಸಂಘಗಳು ಮಾಡಲಾರವೇ? ಅರ್ಜಿಯಿಂದ ಆ ಒಂದು ಅಂಕಣವನ್ನು ಕಳೆಯಲು ಠರಾವು ಸಾಕು, ಹಣ ಬೇಕಾಗಿಲ್ಲ. ಮನೆಯ ಮಾತಿನಿಂದ ‘ಆದರೂ’ ಎಂಬುದನ್ನು ಕಳೆಯುವುದು ಅದಕ್ಕಿಂತ ಕಠಿನ. ಆದರೆ ಅದನ್ನು ನಾವು ಆಡುವುದನ್ನು ಬಿಟ್ಟಲ್ಲದೆ ಜಾಹೀರಾತು ಆಡುವುದನ್ನು ಬಿಡದು.