ಧ್ಯಾನವೂ ವಿದ್ಯಾರ್ಥಿಯ ಚಿತ್ತವೂ: ಸಾಧನಸಪ್ತಕದ ದೃಷ್ಟಿಯಿಂದ ಒಂದು ವಿಚಾರ

ವಿದ್ಯಾರ್ಥಿಗಳಿಗೆ ದಿನದಲ್ಲಿ ಕೆಲವು ಹೊತ್ತು ಧ್ಯಾನವನ್ನು ಅಭ್ಯಾಸಮಾಡಿಸಿದರೆ ಅವರ ಬುದ್ಧಿಯು ಚುರುಕಾಗುವುದೆಂದೂ ಮನಸ್ಸು ನೆಮ್ಮದಿಗೊಳ್ಳುವುದೆಂದೂ ಈಚೆಗೆ ಎಲ್ಲೆಡೆಯೂ ಹೇಳುವುದುಂಟು. ಈ ಮಾತಿನಲ್ಲಿ ಎರಡು ಬೇರೆ ಬೇರೆ ಫಲಗಳು ಒಟ್ಟಿಗೆ ಉಕ್ತವಾಗಿವೆ. ಇವೆರಡೂ ಧ್ಯಾನದಿಂದ ಒಂದೇ ರೀತಿಯಲ್ಲಿ ಉಂಟಾಗತಕ್ಕವೇ ಎಂಬುದನ್ನು ಮೇಲುಕೋಟೆಯ ಶಾಸ್ತ್ರಪರಂಪರೆಯನ್ನೂ ನೂತನ ಪ್ರಯೋಗಗಳನ್ನೂ ಆಧರಿಸಿ ಪರಿಶೀಲಿಸುವುದು ಈ ಲೇಖನದ ಉದ್ದೇಶವಾಗಿದೆ.

ತಿರುನಾರಾಯಣಪುರವೆಂದೂ ಪ್ರಸಿದ್ಧವಾದ ಮೇಲುಕೋಟೆಯು ೧೨ನೆಯ ಶತಮಾನದಲ್ಲಿ ಶ್ರೀ ರಾಮಾನುಜಾಚಾರ್ಯರು ನೆಲಸಿದ್ದ ಕ್ಷೇತ್ರವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅವರ ಗ್ರಂಥಗಳ ಪಾಠಪ್ರವಚನಗಳು ಇಲ್ಲಿನ ವಿದ್ವತ್ಕುಲಗಳಲ್ಲಿಯೂ ಸಂಸ್ಕೃತ ಪಾಠಶಾಲೆಯಲ್ಲಿಯೂ ನಡೆದುಬಂದಿವೆ. ೧೯೭೦ರ ದಶಕದಲ್ಲಿ ಸ್ಥಾಪಿತವಾದ ಸಂಸ್ಕೃತ ಸಂಶೋಧನ ಸಂಸತ್ತು ಹಸ್ತಪ್ರತಿಗಳ ಸಂಗ್ರಹಣ ಸಂಶೋಧನಗಳನ್ನು ಕೈಗೊಂಡಿದೆ.

ಆಚಾರ್ಯರ ಶ್ರೀಭಾಷ್ಯದಲ್ಲಿ ಧ್ಯಾನವೆಂದರೆ ಮನಸ್ಸನ್ನು ಬರಿದುಮಾಡುವುದಲ್ಲ. ಸುರಿಯುವ ಎಣ್ಣೆಯ ಧಾರೆಯಂತೆ ಕಡಿಯದೆ ಹರಿಯುವ ಸ್ಮೃತಿಯೇ ಧ್ಯಾನವೆಂದು ಅಲ್ಲಿ ನಿರೂಪಿತವಾಗಿದೆ. ಆದುದರಿಂದ ಧ್ಯಾನಕ್ಕೆ ಒಂದು ವಿಷಯವು ಇದ್ದೇ ತೀರಬೇಕು. ಆ ವಿಷಯದಲ್ಲಿ ಪ್ರೀತಿಯೂ ಇರಬೇಕು. ಇಂತಹ ಸ್ಥಿರಸ್ಮೃತಿಯು ಲಭಿಸುವುದಕ್ಕೆ ಏಳು ಸಾಧನಗಳನ್ನು ಆಚಾರ್ಯರು ಪ್ರಾಚೀನನಾದ ವಾಕ್ಯಕಾರನ ಮತವನ್ನನುಸರಿಸಿ ಹೇಳಿದ್ದಾರೆ. ವಿವೇಕ, ವಿಮೋಕ, ಅಭ್ಯಾಸ, ಕ್ರಿಯೆ, ಕಲ್ಯಾಣ, ಅನವಸಾದ, ಅನುದ್ಧರ್ಷ ಎಂಬಿವೇ ಆ ಏಳು. ಕ್ರಮವಾಗಿ ಇವು ಆಹಾರಶುದ್ಧಿ, ಕಾಮದಲ್ಲಿ ಅನಾಸಕ್ತಿ, ಧ್ಯೇಯವಸ್ತುವಿನ ಪುನಃಪುನಃ ಪರಿಶೀಲನ, ಯಥಾಶಕ್ತಿ ಕರ್ತವ್ಯಾಚರಣೆ, ಸತ್ಯದಯಾದಿ ಗುಣಗಳು, ಕುಗ್ಗದಿರುವಿಕೆ, ಅತಿಯಾಗಿ ಹಿಗ್ಗದಿರುವಿಕೆ ಎಂದು ತಿಳಿಯತಕ್ಕದ್ದು.

ಇವುಗಳಲ್ಲಿ ಅನವಸಾದವು ನಮ್ಮ ವಿಷಯಕ್ಕೆ ಮುಖ್ಯವಾದುದು. ದೇಶಕಾಲಗಳ ಪ್ರತಿಕೂಲತೆಯಿಂದಲೂ ಶೋಕಕಾರಣಗಳ ಸ್ಮರಣೆಯಿಂದಲೂ ಮನಸ್ಸು ದೈನ್ಯವನ್ನು ಹೊಂದಿ ಕಾಂತಿಗುಂದುವುದೇ ಅವಸಾದ, ಅದಿಲ್ಲದಿರುವುದು ಅನವಸಾದ. ಇಂದಿನವರು ಯಾವ ಮನಃಸ್ವಾಸ್ಥ್ಯವನ್ನು ಧ್ಯಾನದ ಫಲವೆಂದು ಎಣಿಸುತ್ತಾರೆಯೋ ಅದನ್ನು ಈ ಶಾಸ್ತ್ರವು ಧ್ಯಾನಕ್ಕೆ ಸಾಧನವೆಂದು ಎಣಿಸಿದೆ. ಇಲ್ಲಿಯ ಪರಮಪ್ರಯೋಜನವು ಮೋಕ್ಷವೇ ಹೊರತು ಪರೀಕ್ಷೆಯಲ್ಲಿನ ಜಯವಲ್ಲವೆಂಬುದು ನಿಜ. ಆದರೂ ಚಿತ್ತದ ಸ್ವಭಾವವನ್ನು ಕುರಿತ ಈ ಕ್ರಮವು ಉಪಾಧ್ಯಾಯರಿಗೆ ವಿಚಾರಾರ್ಹವಾಗಿದೆ.

ನೂತನ ಪ್ರಯೋಗಗಳು ಈ ಭೇದಕ್ಕೆ ಪೋಷಕವಾಗಿರುವಂತೆ ತೋರುತ್ತವೆ. ೨೦೧೩ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಾಂಟಾ ಬಾರ್ಬರ ಶಾಖೆಯವರು ೪೮ ಮಂದಿ ವಿದ್ಯಾರ್ಥಿಗಳನ್ನು ಎರಡು ಪಂಗಡಗಳಾಗಿ ಮಾಡಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಒಂದು ಪಂಗಡಕ್ಕೆ ಎರಡು ವಾರ ಅವಧಾನಾಭ್ಯಾಸವೂ ಮತ್ತೊಂದಕ್ಕೆ ಆಹಾರವಿಜ್ಞಾನದ ಪಾಠವೂ ನಡೆದುವು. ಮೊದಲನೆಯವರಲ್ಲಿ ಓದಿದುದನ್ನು ಗ್ರಹಿಸುವ ಶಕ್ತಿಯೂ ತತ್ಕಾಲಸ್ಮೃತಿಯೂ ವೃದ್ಧಿಹೊಂದಿದುವು. ಸುಲಭವಾಗಿ ಮನಸ್ಸು ಚದರುವವರಲ್ಲಿ ಚಿತ್ತವಿಕ್ಷೇಪವು ತಗ್ಗಿದುದೇ ಈ ವೃದ್ಧಿಗೆ ಕಾರಣವೆಂದು ಕಂಡಿತು. ಪ್ರಯೋಗವು ಚಿಕ್ಕದೇ ಸರಿ. ಆದರೂ ಅಭ್ಯಾಸದಿಂದ ಏಕಾಗ್ರತೆಯು ಬಲಗೊಳ್ಳಬಹುದೆಂಬುದಕ್ಕೆ ಅದು ಒಂದು ನಿದರ್ಶನ.

ಮನಃಸ್ವಾಸ್ಥ್ಯದ ವಿಷಯವಾದರೋ ಹಾಗಿಲ್ಲ. ಇಂಗ್ಲೆಂಡು ಮೊದಲಾದ ಬ್ರಿಟಿಷ್ ಪ್ರಾಂತಗಳ ೮೪ ಶಾಲೆಗಳಲ್ಲಿ ೧೧ರಿಂದ ೧೩ ವರ್ಷದ ೮,೦೦೦ಕ್ಕೂ ಮಿಕ್ಕ ಮಕ್ಕಳನ್ನು ಕುರಿತು ನಡೆದ ಪರೀಕ್ಷೆಯ ಫಲವು ೨೦೨೨ರಲ್ಲಿ ಪ್ರಕಟವಾಯಿತು. ತರಗತಿಯಲ್ಲಿ ಎಲ್ಲರಿಗೂ ಕಲಿಸಿದ ಅವಧಾನಾಭ್ಯಾಸವು ವಾಡಿಕೆಯ ಪಾಠಕ್ರಮಕ್ಕಿಂತ ಹೆಚ್ಚಿನ ನೆಮ್ಮದಿಯನ್ನುಂಟುಮಾಡಲಿಲ್ಲ. ಬಹುಮಂದಿ ಮಕ್ಕಳು ಮನೆಯಲ್ಲಿ ಅದನ್ನು ಅಭ್ಯಸಿಸಲೇ ಇಲ್ಲ. ಮೊದಲೇ ಮನಸ್ಸು ಕುಗ್ಗಿದ್ದ ಮಕ್ಕಳಿಗೆ ಅದು ಹಿತವಲ್ಲದೆ ಇರಬಹುದೆಂದೂ ಪರೀಕ್ಷಕರು ಎಚ್ಚರಿಸಿದರು. ಪ್ರೀತಿಯಿಲ್ಲದ ವಿಷಯದಲ್ಲಿ ಅಭ್ಯಾಸವು ನಿಲ್ಲದು, ಅವಸಾದವಿದ್ದಲ್ಲಿ ಧ್ಯಾನವು ಕೂಡದು ಎಂಬ ಶಾಸ್ತ್ರಾಭಿಪ್ರಾಯವನ್ನು ಇಲ್ಲಿ ನೆನೆಯಬಹುದು.

ಇದರಿಂದ ಧ್ಯಾನವು ಶಾಲೆಗೆ ನಿರುಪಯುಕ್ತವೆಂದು ಯಾರೂ ಭಾವಿಸಬಾರದು. ಏಕಾಗ್ರತೆಗೆ ಸಾಧನವಾಗಿ ಅದನ್ನು ಇಚ್ಛೆಯುಳ್ಳವರಿಗೆ ಕಲಿಸುವುದು ಯುಕ್ತವೇ. ಆದರೆ ಹಸಿವಿನಿಂದಲೋ ಭಯದಿಂದಲೋ ಮನೆಯ ದುಃಖದಿಂದಲೋ ಕುಗ್ಗಿದ ಹುಡುಗನನ್ನು ಕಣ್ಣುಮುಚ್ಚಿ ಕುಳ್ಳಿರಿಸಿದರೆ ನಮ್ಮ ಕರ್ತವ್ಯವು ತೀರಿತೆಂದು ತಿಳಿಯಲಾಗದು. ಆ ಕಾರಣಗಳನ್ನು ವಿಚಾರಿಸಿ ಪರಿಹರಿಸುವುದೇ ಮೊದಲ ಕೆಲಸ. ಸಾಹಿತ್ಯೋಪಾಧ್ಯಾಯರಿಗೆ ಇನ್ನೊಂದು ಅನುಕೂಲವೂ ಉಂಟು. ಪ್ರೀತಿಗೆ ಪಾತ್ರವಾದ ಒಂದು ಪದ್ಯವನ್ನು ಅರ್ಥಾನುಸಂಧಾನದೊಡನೆ ಮತ್ತೆ ಮತ್ತೆ ಓದಿಸುವುದು ಅವರ ಕೈಯಲ್ಲಿಯೇ ಇದೆ. ಅಭ್ಯಾಸವೆಂಬ ಸಾಧನದ ಲಕ್ಷಣಕ್ಕೆ ಇದು ಬಹಳ ಸಮೀಪವಾದುದು.